ಹಗುರ ಕ್ರ್ಯಾಂಕ್‌ಸೆಟ್ ಮತ್ತು ಪವರ್ ಮೀಟರ್: ಶಿಮಾನೊ 105 ಇರುವ ರೋಡ್ ಬೈಕಿಗೆ ಯಾವುದು ತಕ್ಕದ್ದು?

ಏರುಹಾದಿ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನನ್ನ ರೋಡ್ ಬೈಕಿನಲ್ಲಿ (ರಸ್ತೆ ರೇಸಿನ ಸೈಕಲ್) ಶಿಮಾನೊ 105 ಆರ್7000 ಗ್ರೂಪ್‌ಸೆಟ್ (ಗೇರು, ಬ್ರೇಕು, ಕ್ರ್ಯಾಂಕುಗಳ ಪೂರ್ತಿ ಸೆಟ್ಟು) ಇದೆ. ಹಿಂದೆ ಹನ್ನೊಂದು ಗೇರಿನ, 11ರಿಂದ 28 ಹಲ್ಲಿನ ಕ್ಯಾಸೆಟ್ (11-28), ಮುಂದೆ 52 ಮತ್ತು 36 ಹಲ್ಲಿನ ಎರಡು ಚೈನ್‌ರಿಂಗ್ (52/36), ಕ್ರ್ಯಾಂಕ್ ಅಂದರೆ ಪೆಡಲ್ ಹಿಡಿದಿರುವ ತೋಳಿನ ಉದ್ದ 172.5 ಮಿ.ಮೀ. ಕಾರ್ಬನ್ ಫ್ರೇಮಿನ ಬಾಟಮ್ ಬ್ರಾಕೆಟ್ (ಕ್ರ್ಯಾಂಕಿನ ಆಕ್ಸಲ್ ತಿರುಗುವ ಬೇರಿಂಗಿನ ಭಾಗ) ಬಿಬಿ86 ಪ್ರೆಸ್‌ಫಿಟ್, ಅಂದರೆ ಒತ್ತಿ ಕೂರಿಸುವ ಮಾದರಿಯದು. ನನ್ನ ತೂಕ 70 ಕೆ.ಜಿ., ಬೈಕಿನ ತೂಕ ಎಂಟೂವರೆ ಕೆ.ಜಿ. ಭಾನುವಾರಗಳಂದು ನಂದಿ ಬೆಟ್ಟ, ಉಳಿದ ದಿನ ಮನೆಯಲ್ಲಿ ಸ್ಮಾರ್ಟ್ ಟ್ರೈನರ್ (ಬೈಕನ್ನು ನಿಂತಲ್ಲೇ ಓಡಿಸುವ, ಶಕ್ತಿ ಅಳೆಯುವ ಯಂತ್ರ). ಬೆಂಗಳೂರಿನ ಹವ್ಯಾಸಿ ರೇಸುಗಳಲ್ಲಿ ಮುಂದಿನ ಋತುವಿನಿಂದ ಭಾಗವಹಿಸಬೇಕೆಂಬ ಆಸೆಯೂ ಇದೆ.

ಕ್ರ್ಯಾಂಕ್‌ಸೆಟ್ (ತೋಳುಗಳು ಮತ್ತು ಚೈನ್‌ರಿಂಗುಗಳು) ಹಗುರಗೊಳಿಸುವುದು ಮತ್ತು ಪೆಡಲ್ ಒತ್ತುವ ಶಕ್ತಿಯನ್ನು ವ್ಯಾಟ್‌ಗಳಲ್ಲಿ ಅಳೆಯುವ ಪವರ್ ಮೀಟರ್ ಹಾಕಿಸುವುದು, ಈ ಎರಡನ್ನೂ ಒಂದೇ ಖರ್ಚಿನಲ್ಲಿ ಮುಗಿಸಲು ಯೋಚಿಸಿದ್ದೇನೆ. ಬಜೆಟ್ ಅರವತ್ತರಿಂದ ಎಪ್ಪತ್ತು ಸಾವಿರ ರೂಪಾಯಿ. ಪರಿಚಯದವರೊಬ್ಬರ ಬಳಿ, ಎಡ ತೋಳಿಗೆ ಪವರ್ ಮೀಟರ್ ಅಂಟಿಸಿರುವ, ಬಳಸಿದ ಡ್ಯೂರಾ-ಏಸ್ (ಶಿಮಾನೊದ ಅತಿ ಮೇಲಿನ ದರ್ಜೆ) ಆರ್9100 ಕ್ರ್ಯಾಂಕ್‌ಸೆಟ್ ಮಾರಾಟಕ್ಕಿದೆ. ನನ್ನ 105ಕ್ಕಿಂತ ಸುಮಾರು ತೊಂಬತ್ತು ಗ್ರಾಂ ಹಗುರ. ಇನ್ನೊಂದು ಆಯ್ಕೆ, ಕಾರ್ಬನ್ ತೋಳುಗಳ ಕ್ರ್ಯಾಂಕ್‌ಸೆಟ್ ತಂದು ಅದಕ್ಕೆ ಸ್ಪೈಡರ್ (ಬಲ ತೋಳನ್ನು ಚೈನ್‌ರಿಂಗಿಗೆ ಕೂಡಿಸುವ ಕಾಲುಗಳ ಭಾಗ) ಮಾದರಿಯ ಮೀಟರ್ ಜೋಡಿಸುವುದು. ಅದರಲ್ಲಿ ಇನ್ನೂರು ಗ್ರಾಂವರೆಗೆ ಉಳಿಯಬಹುದೆಂದು ಲೆಕ್ಕ ಹಾಕಿದ್ದೇನೆ. ತಿಳಿದವರು ದಯವಿಟ್ಟು ಸಲಹೆ ನೀಡಬೇಕು.

ಹಗುರಪ್ರಿಯ (ಮೈಸೂರು)

ಎರಡನೆಯದನ್ನೇ ಮಾಡಿ ಸರ್. ಬೈಕಿನಲ್ಲಿ ಗಾಲಿಯ ನಂತರ ಕಣ್ಣಿಗೆ ಕಾಣುವಷ್ಟು ತೂಕ ಇಳಿಸಬಹುದಾದ ಜಾಗವೆಂದರೆ ಕ್ರ್ಯಾಂಕ್‌ಸೆಟ್ಟೇ. ಜರ್ಮನಿಯ ಟಿಎಚ್‌ಎಂ ಕಂಪನಿಯ ಕ್ಲಾವಿಕುಲಾ ತೋಳುಗಳು, ಚೈನ್‌ರಿಂಗ್ ಬಿಟ್ಟು, ಮುನ್ನೂರು ಗ್ರಾಂ ಆಸುಪಾಸಿನಲ್ಲಿವೆ. ಅದು ನಿಮ್ಮ ಬಜೆಟ್ಟಿಗೆ ಎಟುಕುವುದಿಲ್ಲ, ನಿಜ. ಆದರೆ ಈಗ ಚೀನಾದ ತಯಾರಕರೂ ಒಳ್ಳೆಯ ಕಾರ್ಬನ್ ತೋಳುಗಳನ್ನು ಮಾಡುತ್ತಿದ್ದಾರೆ. ಸಿಗೇಯಿ, ಮ್ಯಾಜೀನ್ ಮುಂತಾದ ಕಂಪನಿಗಳ ಸ್ಪೈಡರ್ ಮೀಟರುಗಳು ಎರಡೂ ಕಾಲಿನ ಒಟ್ಟು ಶಕ್ತಿಯನ್ನು ಅಳೆಯುತ್ತವೆ, ಬೆಲೆಯೂ ಯುರೋಪಿನ ಸಮಾನ ಮಾದರಿಗಳಿಗಿಂತ ಕಡಿಮೆ. ಚಾಮುಂಡಿ ಬೆಟ್ಟ ಹತ್ತುವಾಗ ಹಗುರ ಬೈಕು ಕೊಡುವ ಸಂತೋಷವನ್ನು ಅಂಕಿಗಳಲ್ಲಿ ಹೇಳಲಾಗದು.

ಹಳೇಗಾಲಿ (ಬೆಂಗಳೂರು, ಸೈಕಲ್ ರಿಪೇರಿ)

ಏರುಹಾದಿಯವರೇ, ಹಣ ಕೊಡುವ ಮೊದಲು ಆ ಆರ್9100 ತೋಳುಗಳ ಹಿಂಬದಿಯನ್ನು ನೋಡಿ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಶಿಮಾನೊ ಕಂಪನಿಯು 2023ರ ಸೆಪ್ಟೆಂಬರಿನಲ್ಲಿ ತನ್ನ ಹನ್ನೊಂದು ಗೇರಿನ ಅಲ್ಟೆಗ್ರಾ ಮತ್ತು ಡ್ಯೂರಾ-ಏಸ್ ಕ್ರ್ಯಾಂಕುಗಳಿಗೆ ತಪಾಸಣೆ ಮತ್ತು ಬದಲಾವಣೆಯ ಕಾರ್ಯಕ್ರಮವನ್ನು ಘೋಷಿಸಿತು. ಎಫ್‌ಸಿ-6800, ಎಫ್‌ಸಿ-ಆರ್8000, ಎಫ್‌ಸಿ-9000, ಎಫ್‌ಸಿ-ಆರ್9100 ಮತ್ತು ಪವರ್ ಮೀಟರ್ ಸಮೇತ ಬಂದ ಎಫ್‌ಸಿ-ಆರ್9100-ಪಿ, ಇವು ಆ ಪಟ್ಟಿಯಲ್ಲಿರುವ ಮಾದರಿಗಳು. 2012ರ ಜೂನ್ ಒಂದರಿಂದ 2019ರ ಜೂನ್ 30ರವರೆಗೆ ತಯಾರಾದ ತೋಳುಗಳು ಅದರ ವ್ಯಾಪ್ತಿಗೆ ಬರುತ್ತವೆ. ತೂಕ ಕಡಿಮೆ ಮಾಡಲು ಈ ತೋಳುಗಳನ್ನು ಒಳಗೆ ಟೊಳ್ಳಾಗಿಸಿ ಎರಡು ಅಲ್ಯೂಮಿನಿಯಂ ಭಾಗಗಳನ್ನು ಅಂಟಿನಿಂದ ಕೂಡಿಸಲಾಗಿದೆ. ಆ ಅಂಟು ಬಿಟ್ಟರೆ ಭಾಗಗಳು ಬೇರೆಯಾಗಿ ತೋಳು ಮುರಿಯುತ್ತದೆ. ಉತ್ತರ ಅಮೆರಿಕವೊಂದರಲ್ಲೇ ಸುಮಾರು 7,60,000 ಕ್ರ್ಯಾಂಕ್‌ಸೆಟ್‌ಗಳು ಈ ಕಾರ್ಯಕ್ರಮಕ್ಕೆ ಒಳಪಟ್ಟವು. ತೋಳು ಬೇರ್ಪಟ್ಟ 4,519 ಪ್ರಕರಣಗಳು ಕಂಪನಿಯ ಗಮನಕ್ಕೆ ಬಂದಿದ್ದವು.

ತೋಳಿನ ಹಿಂಬದಿಯಲ್ಲಿ ಪೆಡಲ್ ಕೂರುವ ಕಡೆಗೆ ಎರಡು ಅಕ್ಷರಗಳ ಸಂಕೇತವಿರುತ್ತದೆ. ಮೊದಲ ಅಕ್ಷರ ವರ್ಷವನ್ನೂ ಎರಡನೆಯದು ತಿಂಗಳನ್ನೂ ಸೂಚಿಸುತ್ತದೆ. ಕೆಎಫ್‌ನಿಂದ ಆರ್‌ಎಫ್‌ವರೆಗಿನ ಸಂಕೇತಗಳು ತಪಾಸಣೆಗೆ ಒಳಪಡುತ್ತವೆ. ಅಂಥ ಕ್ರ್ಯಾಂಕ್ ಇರುವವರು ಅಂಗಡಿಗೆ ಒಯ್ದು ತೋರಿಸಿ, ದೋಷ ಕಂಡರೆ ಬದಲಿ ಪಡೆಯಬಹುದು. ಆದರೆ ಎಡ ತೋಳಿಗೆ ಬೇರೊಂದು ಕಂಪನಿಯ ಮೀಟರ್ ಅಂಟಿಸಿದ್ದಾಗ, ತೋಳು ಹೋದರೆ ಅದರ ಜೊತೆಗೆ ಮೀಟರೂ ಹೋಗುತ್ತದೆ ಎಂಬುದನ್ನು ನೀವು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಿಮ್ಮ 105 ಆರ್7000 ಈ ಪಟ್ಟಿಯಲ್ಲಿ ಇಲ್ಲ. ಹಗುರವೆಂದು ತೊಂಬತ್ತು ಗ್ರಾಂಗಾಗಿ, ಚರಿತ್ರೆ ಗೊತ್ತಿಲ್ಲದ ಅಂಟಿನ ತೋಳಿನ ಮೇಲೆ ನಿಂತು ಪೆಡಲ್ ಒತ್ತುವುದು ನನಗೆ ಸರಿಕಾಣುವುದಿಲ್ಲ.

ಒಂದು ಸಣ್ಣ ಮಾತು: ಶಿಮಾನೊದ ಹನ್ನೆರಡು ಗೇರಿನ ಡ್ಯೂರಾ-ಏಸ್ ಆರ್9200 ಕ್ರ್ಯಾಂಕ್‌ಸೆಟ್ ಸುಮಾರು 690 ಗ್ರಾಂ ತೂಗುತ್ತದೆ. ಅದರ ಹಿಂದಿನ ಆರ್9100 ಸುಮಾರು 620 ಗ್ರಾಂ ಇತ್ತು. ಅಂದರೆ ಪ್ರಪಂಚದ ಅತಿ ದೊಡ್ಡ ರೇಸುಗಳಿಗೆಂದು ಮಾಡುವ ಭಾಗವೇ ಹೊಸ ಪೀಳಿಗೆಯಲ್ಲಿ ಭಾರವಾಗಿದೆ, ಮತ್ತು ಅದರಿಂದ ಯಾರೂ ರೇಸ್ ಸೋತಂತೆ ಕಾಣುವುದಿಲ್ಲ.

ಏರುಹಾದಿ (ಬೆಂಗಳೂರು)

ಹಳೇಗಾಲಿಯವರಿಗೆ ಧನ್ಯವಾದಗಳು. ಮಾರುವವರಿಂದ ಹಿಂಬದಿಯ ಚಿತ್ರ ತರಿಸಿಕೊಂಡೆ. ಸಂಕೇತ ಪಿಸಿ ಎಂದಿದೆ. ತಾವು ಹೇಳಿದ ವ್ಯಾಪ್ತಿಯ ಒಳಗೇ ಬರುತ್ತದೆ ಎಂದು ತೋರುತ್ತದೆ. ಹಾಗಾದರೆ ಕಾರ್ಬನ್ ಆಯ್ಕೆಯ ಬಗ್ಗೆ ಏನು ಹೇಳುತ್ತೀರಿ?

ಹಳೇಗಾಲಿ (ಬೆಂಗಳೂರು, ಸೈಕಲ್ ರಿಪೇರಿ)

ಪಿಸಿ ಎಂದರೆ 2017ರ ಮಾರ್ಚ್. ಅದನ್ನು ಬಿಟ್ಟುಬಿಡಿ.

ಕಾರ್ಬನ್ ವಿಷಯದಲ್ಲಿ ಮೊದಲ ಪ್ರಶ್ನೆ ತೂಕದ್ದಲ್ಲ, ಬಾಟಮ್ ಬ್ರಾಕೆಟ್ಟಿನದು. ಬಿಬಿ86 ಎಂದರೆ 86.5 ಮಿ.ಮೀ. ಅಗಲದ, 41 ಮಿ.ಮೀ. ಒಳವ್ಯಾಸದ ಕೊಳವೆ. ಅದು ಶಿಮಾನೊದ 24 ಮಿ.ಮೀ. ಆಕ್ಸಲ್ಲಿಗೆಂದೇ ರೂಪುಗೊಂಡದ್ದು. ಹಗುರ ಕ್ರ್ಯಾಂಕುಗಳಲ್ಲಿ ಬಹುಪಾಲು 30 ಮಿ.ಮೀ. ಅಲ್ಯೂಮಿನಿಯಂ ಆಕ್ಸಲ್ ಹೊಂದಿರುತ್ತವೆ, ಏಕೆಂದರೆ ದಪ್ಪ ಅಲ್ಯೂಮಿನಿಯಂ ಕೊಳವೆಯು ತೆಳು ಉಕ್ಕಿನ ಕೊಳವೆಗಿಂತ ಹಗುರವಾಗಿದ್ದೂ ಅಷ್ಟೇ ಬಿಗಿಯಾಗಿರಬಲ್ಲದು. 41ರ ಒಳಗೆ 30ನ್ನು ಕೂರಿಸಿದರೆ ಸುತ್ತಲೂ ಉಳಿಯುವುದು ಐದೂವರೆ ಮಿಲಿಮೀಟರ್ ಮಾತ್ರ. ಅದರಲ್ಲೇ ಬೇರಿಂಗ್ ಕೂರುವ ಕಪ್ಪಿನ (ಬಟ್ಟಲಿನ) ಗೋಡೆ, ಬೇರಿಂಗಿನ ಹೊರ ಉಂಗುರ, ಗುಂಡುಗಳು, ಒಳ ಉಂಗುರ ಎಲ್ಲವೂ ಹಿಡಿಯಬೇಕು. ಗುಂಡುಗಳು ಸಣ್ಣವಾಗುತ್ತವೆ, ಮಳೆಗಾಲದ ಕೆಸರು ನೀರು ಒಳಹೊಕ್ಕರೆ ಬೇಗ ಸವೆಯುತ್ತವೆ. ಸ್ರಾಮ್ ಕಂಪನಿಯ ಡಬ್ ಎಂಬ ಆಕ್ಸಲ್ಲಿನ ವ್ಯಾಸ 28.99 ಮಿ.ಮೀ.; ಇಂಥ ಇಕ್ಕಟ್ಟಿನಲ್ಲಿ ಆ ಒಂದು ಮಿಲಿಮೀಟರಿನಿಂದ ಸ್ವಲ್ಪ ಉಸಿರಾಡಲು ಜಾಗ ಸಿಗುತ್ತದೆ, ಹೆಚ್ಚೇನೂ ಇಲ್ಲ.

ನಿಮ್ಮ ಫ್ರೇಮು ಟಿ47 ಅಥವಾ ಪಿಎಫ್30 ಎಂಬ, ಇನ್ನೂ ಅಗಲವಾದ ಒಳವ್ಯಾಸದ ಮಾದರಿಯದಾಗಿದ್ದರೆ ನನ್ನ ಉತ್ತರ ಬೇರೆಯಾಗಿರುತ್ತಿತ್ತು. ಬಿಬಿ86ಕ್ಕೆ 24 ಮಿ.ಮೀ. ಆಕ್ಸಲ್ಲೇ ಒಳ್ಳೆಯದು. ಕಿರಕಿರ ಸದ್ದು ಬರುತ್ತಿದ್ದರೆ, ಎರಡೂ ಬದಿಯ ಕಪ್ಪುಗಳು ಒಳಗೆ ಒಂದಕ್ಕೊಂದು ತಿರುಪಿಕೊಳ್ಳುವ ಮಾದರಿಯ ಬಾಟಮ್ ಬ್ರಾಕೆಟ್ ಹಾಕಿಸಿ.

ರೈನ್‌ದಂಡೆ (ಕಲೋನ್, ಜರ್ಮನಿ)

ಮೀಟರನ್ನು ಬೈಕಿನ ಯಾವ ಭಾಗದಲ್ಲಿ ಕೂರಿಸಬೇಕು ಎಂಬುದನ್ನು ಇನ್ನೂ ಯಾರೂ ಬಿಡಿಸಿ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಮೂಲತಃ ಉತ್ತರ ಕನ್ನಡದವನು, ಇಲ್ಲಿ ಯಂತ್ರೋಪಕರಣಗಳ ಮಾಪನ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಈಗ ನಾನಿರುವ ಕಲೋನ್‌ನಿಂದ ಬಹಳ ದೂರವಿಲ್ಲದ ಯೂಲಿಷ್ ಎಂಬ ಪಟ್ಟಣದಲ್ಲೇ ಎಸ್‌ಆರ್‌ಎಂ ಕಂಪನಿ ಇದೆ. ಉಲ್ರಿಷ್ ಶೋಬರರ್ ಎಂಬ ಎಂಜಿನಿಯರ್ 1986ರಲ್ಲಿ ಅದನ್ನು ಆರಂಭಿಸಿದರು. ಸೈಕಲ್ ಓಡಿಸುವವರ ಶಕ್ತಿಯನ್ನು ರಸ್ತೆಯಲ್ಲೇ ಅಳೆಯುವ ಪದ್ಧತಿ ಬೇರೂರಿದ್ದು ಅವರ ಕ್ರ್ಯಾಂಕಿನಿಂದ.

ಎಲ್ಲ ಮೀಟರುಗಳ ತತ್ತ್ವ ಒಂದೇ. ಲೋಹದ ಮೇಲೆ ಅಂಟಿಸಿದ ಸ್ಟ್ರೇನ್ ಗೇಜ್ ಎಂಬ ತೆಳು ಹಾಳೆಯು, ಲೋಹ ಕಣ್ಣಿಗೆ ಕಾಣದಷ್ಟು ಬಾಗಿದಾಗ ತಾನೂ ಹಿಗ್ಗಿ, ತನ್ನ ವಿದ್ಯುತ್ ರೋಧವನ್ನು ಬದಲಿಸುತ್ತದೆ. ಆ ಬದಲಾವಣೆಯಿಂದ ಟಾರ್ಕ್ ತಿಳಿಯುತ್ತದೆ. ಟಾರ್ಕನ್ನು ಕ್ರ್ಯಾಂಕಿನ ಕೋನೀಯ ವೇಗದಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ. ಬಾಗುವ ಲೋಹ ಯಾವುದು ಎಂಬುದರಲ್ಲೇ ಎಲ್ಲ ವ್ಯತ್ಯಾಸ.

ಎಡ ತೋಳಿನ ಮೀಟರನ್ನು ಸ್ಟೇಜಸ್ ಕಂಪನಿ 2012ರಲ್ಲಿ ಜನಪ್ರಿಯಗೊಳಿಸಿತು. ಇಪ್ಪತ್ತು ಗ್ರಾಂಗೂ ಹೆಚ್ಚು ತೂಕ ಸೇರದು, ಬೆಲೆಯೂ ಕಡಿಮೆ. ಆದರೆ ಅದು ಎಡಗಾಲನ್ನು ಮಾತ್ರ ಅಳೆದು ಎರಡರಿಂದ ಗುಣಿಸುತ್ತದೆ. ನಿಮ್ಮ ನಿಜವಾದ ಶಕ್ತಿ 200 ವ್ಯಾಟ್ ಇದ್ದು ಅದರಲ್ಲಿ ಎಡಗಾಲಿನ ಪಾಲು ಶೇ. 48 ಆಗಿದ್ದರೆ, ಮೀಟರು 96ನ್ನು ಇಮ್ಮಡಿಗೊಳಿಸಿ 192 ಎಂದು ತೋರಿಸುತ್ತದೆ. ಈ ತಪ್ಪು ಯಾವಾಗಲೂ ಒಂದೇ ಪ್ರಮಾಣದಲ್ಲಿದ್ದಿದ್ದರೆ ಚಿಂತೆಯಿರಲಿಲ್ಲ. ಆಯಾಸವಾದಂತೆ, ಒತ್ತುವ ಬಲ ಹೆಚ್ಚಿದಂತೆ, ಎಡಬಲಗಳ ಪಾಲು ಬಹಳ ಜನರಲ್ಲಿ ಜರುಗುತ್ತದೆ, ಏರಿನಲ್ಲಿ ಶೇ. 50 ಇದ್ದ ಎಡಗಾಲು ಸಮತಟ್ಟಿನಲ್ಲಿ ಶೇ. 48 ಆಗಬಹುದು.

ಕಾರ್ಬನ್ ತೋಳಿನ ಮೇಲೆ ಗೇಜ್ ಅಂಟಿಸುವುದು ಕಷ್ಟ, ಏಕೆಂದರೆ ಪದರಗಳ ಜೋಡಣೆಯಿಂದಾಗಿ ಅದು ಎಲ್ಲ ದಿಕ್ಕಿಗೂ ಒಂದೇ ರೀತಿ ಬಾಗುವುದಿಲ್ಲ. ಆದ್ದರಿಂದ ಕಾರ್ಬನ್ ಕ್ರ್ಯಾಂಕುಗಳಲ್ಲಿ ಮೀಟರು ಹೆಚ್ಚಾಗಿ ಸ್ಪೈಡರಿನಲ್ಲೋ ಆಕ್ಸಲ್ಲಿನೊಳಗೋ ಇರುತ್ತದೆ. ಸ್ರಾಮ್ 2021ರಲ್ಲಿ ತಂದ ರೈವಲ್ ಮೀಟರು ಆಕ್ಸಲ್ ಮಾದರಿಯದು, ಅದೂ ಎಡಗಾಲನ್ನು ಮಾತ್ರ ಓದುತ್ತದೆ. ಸ್ಪೈಡರ್ ಮಾದರಿ ತಾಂತ್ರಿಕವಾಗಿ ನನಗೆ ಅತ್ಯಂತ ಇಷ್ಟವಾದದ್ದು: ಎರಡೂ ತೋಳುಗಳ ಟಾರ್ಕ್ ಚೈನ್‌ರಿಂಗಿಗೆ ಹೋಗುವ ದಾರಿಯಲ್ಲಿ ಸ್ಪೈಡರನ್ನು ದಾಟಲೇಬೇಕು, ಹಾಗಾಗಿ ಒಟ್ಟು ಮೊತ್ತ ತಪ್ಪಿಹೋಗುವುದಿಲ್ಲ, ಕ್ರ್ಯಾಂಕ್ ಉದ್ದ ಎಷ್ಟೇ ಇರಲಿ ಲೆಕ್ಕ ಕೆಡುವುದಿಲ್ಲ. ಎಡಬಲಗಳ ಹಂಚಿಕೆಯನ್ನು ಮಾತ್ರ ಅದು ಊಹಿಸಿ ಹೇಳುತ್ತದೆ. ಕೊಳ್ಳುವಾಗ ಚೈನ್‌ರಿಂಗ್ ಬಿಚ್ಚಿ ಬದಲಿಸಲು ಬರುತ್ತದೆಯೇ ಎಂದು ನೋಡಿಕೊಳ್ಳಿ. 2019ರ ಸ್ರಾಮ್ ರೆಡ್ ಎಎಕ್ಸ್‌ಎಸ್‌ನಲ್ಲಿ ಚೈನ್‌ರಿಂಗ್ ಮತ್ತು ಮೀಟರು ಒಂದೇ ತುಂಡಾಗಿದ್ದವು. ಹಲ್ಲು ಸವೆದರೆ ಮೀಟರನ್ನೂ ಬದಲಿಸಬೇಕಾಗಿತ್ತು.

ಇನ್ನು ಶಿಮಾನೊದ ಸ್ವಂತ ಜೋಡಿ ಮೀಟರುಗಳು. ಅವುಗಳ ಬಲ ತೋಳಿನ ಆಕಾರ ಸಮಪಾರ್ಶ್ವವಲ್ಲ. ಚೈನ್‌ರಿಂಗ್ ಹಿಡಿಯುವ ನಾಲ್ಕು ಕಾಲುಗಳು ಅಸಮ ಅಂತರದಲ್ಲಿರುವುದರಿಂದ ಅದು ಒತ್ತಡಕ್ಕೆ ತಿರುಚುವ ಬಗೆ ಗೇರಿನಿಂದ ಗೇರಿಗೆ ಬದಲಾಗುತ್ತದೆ. ಬಲಗಾಲಿನ ಅಳತೆಯಲ್ಲಿ ಇದರಿಂದ ತಪ್ಪು ಬರುತ್ತದೆಂದು ಹಲವು ಸ್ವತಂತ್ರ ಪರೀಕ್ಷಕರು ಹಿಂದಿನ ಪೀಳಿಗೆಯಿಂದಲೂ ಬರೆಯುತ್ತ ಬಂದಿದ್ದಾರೆ. ಗ್ರೂಪ್‌ಸೆಟ್ ಹೆಸರು ಒಂದೇ ಇರಲಿ ಎಂಬ ಕಾರಣಕ್ಕೆ ಅದನ್ನು ಕೊಳ್ಳಬೇಡಿ.

ಕೃಷ್ಣಾತೀರ (ವಿಜಯಪುರ)

ನಮ್ಮ ಜಿಲ್ಲೆಯಲ್ಲಿ ಹುಡುಗರು ಸೈಕಲ್ ರೇಸಿಗೆ ತಯಾರಾಗುವುದನ್ನು ಬಹಳ ವರ್ಷಗಳಿಂದ ನೋಡುತ್ತ, ಕೆಲವರಿಗೆ ತರಬೇತಿ ಕೊಡುತ್ತ ಬಂದವನು ನಾನು. ನಮ್ಮಲ್ಲಿ ಬೆಟ್ಟವಿಲ್ಲ, ಎದುರು ಗಾಳಿ ಇದೆ. ಬಯಲಿನಲ್ಲಿ ಗಾಳಿಯ ವಿರುದ್ಧ ಓಡುವವನಿಗೆ ಕ್ರ್ಯಾಂಕಿನ ನೂರಿನ್ನೂರು ಗ್ರಾಂ ಲೆಕ್ಕಕ್ಕೇ ಬರುವುದಿಲ್ಲ. ಬೆಟ್ಟದಲ್ಲಾದರೂ ಎಷ್ಟು ಬರುತ್ತದೆ ಎಂದು ನೋಡೋಣ. ಸವಾರ, ಬೈಕು, ನೀರಿನ ಬಾಟಲಿ ಎಲ್ಲ ಸೇರಿ 80 ಕೆ.ಜಿ. ಎನ್ನಿ. ಅದರಲ್ಲಿ ಇನ್ನೂರು ಗ್ರಾಂ ಎಂದರೆ ನಾನೂರರಲ್ಲಿ ಒಂದು ಪಾಲು. ನಂದಿಯ ಏರನ್ನು ಅರ್ಧ ಗಂಟೆಯಲ್ಲಿ ಹತ್ತುವವನ ಶಕ್ತಿಯಲ್ಲಿ ಸುಮಾರು ಶೇ. 80ರಿಂದ 85ರಷ್ಟು ಗುರುತ್ವದ ವಿರುದ್ಧ ಖರ್ಚಾಗುತ್ತದೆ, ಉಳಿದದ್ದು ಗಾಳಿ ಮತ್ತು ಟೈರಿಗೆ. ಹಾಗಾದರೆ ಅರ್ಧ ಗಂಟೆಯಲ್ಲಿ ಉಳಿಯುವ ಸಮಯ ನಾಲ್ಕು ಸೆಕೆಂಡಿನ ಹತ್ತಿರ. ತೊಂಬತ್ತು ಗ್ರಾಂಗೆ ಎರಡು ಸೆಕೆಂಡು. ಬಾಟಲಿಯಲ್ಲಿ ಒಂದು ಲೋಟ ನೀರು ಕಡಿಮೆ ತುಂಬಿಸಿಕೊಂಡರೂ ಇದೇ ಲಾಭ ಸಿಗುತ್ತದೆ.

ಮೀಟರಿನ ಲಾಭ ಬೇರೆ ಜಾತಿಯದು. ಏರಿನ ಮೊದಲ ಐದು ನಿಮಿಷದಲ್ಲಿ ಉತ್ಸಾಹದಿಂದ ಮೂವತ್ತು ವ್ಯಾಟ್ ಹೆಚ್ಚು ಒತ್ತಿ, ಕೊನೆಯ ಹತ್ತು ನಿಮಿಷ ಒದ್ದಾಡುವವನು ಕಳೆದುಕೊಳ್ಳುವುದು ಸೆಕೆಂಡುಗಳನ್ನಲ್ಲ, ನಿಮಿಷಗಳನ್ನು. ಹೃದಯ ಬಡಿತ ಮೇಲೇರಿ ಎಚ್ಚರಿಸುವಷ್ಟರಲ್ಲಿ ತಡವಾಗಿರುತ್ತದೆ. ವ್ಯಾಟ್ ಆ ಕ್ಷಣವೇ ಹೇಳುತ್ತದೆ. ಆದ್ದರಿಂದ ಹಣವನ್ನೆಲ್ಲ ಅಳತೆಗೆ ಹಾಕಿ, ತೂಕಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ ಎಂಬುದು ನನ್ನ ಅಭಿಪ್ರಾಯ.

ರೈನ್‌ದಂಡೆಯವರ ಒಂದು ಮಾತಿಗೆ ಮಾತ್ರ ನನ್ನ ತಕರಾರಿದೆ. ತರಬೇತಿಗೆ ಎಡ ತೋಳಿನ ಮೀಟರ್ ಸಾಕು. ಹುಡುಗ ತನ್ನ ಇಂದಿನ ಅಂಕಿಯನ್ನು ತನ್ನದೇ ಹಿಂದಿನ ತಿಂಗಳ ಅಂಕಿಯೊಂದಿಗೆ ಹೋಲಿಸುತ್ತಾನೆ. ಮೀಟರು ಒಂದೇ ಆಗಿದ್ದರೆ ಆಯಿತು.

ರೈನ್‌ದಂಡೆ (ಕಲೋನ್, ಜರ್ಮನಿ)

ಕೃಷ್ಣಾತೀರ ಸರ್, ಒಂದೇ ಬೈಕು, ಒಂದೇ ಮೀಟರು ಎಂಬ ಷರತ್ತಿನಲ್ಲಿ ತಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ಏರುಹಾದಿಯವರು ವಾರದ ದಿನಗಳಲ್ಲಿ ಸ್ಮಾರ್ಟ್ ಟ್ರೈನರ್ ಬಳಸುತ್ತಾರೆ. ಟ್ರೈನರು ಅಳೆಯುವುದು ಚೈನು ದಾಟಿದ ನಂತರದ ಶಕ್ತಿಯನ್ನು. ಚೈನು, ಹಲ್ಲುಗಳ ಘರ್ಷಣೆಯಲ್ಲಿ ಶೇ. ಎರಡು ಮೂರರಷ್ಟು ನಷ್ಟವಾಗುವುದು ಸಹಜ, ಹಾಗಾಗಿ ಸರಿಯಾದ ಕ್ರ್ಯಾಂಕ್ ಮೀಟರು ಟ್ರೈನರಿಗಿಂತ ಅಷ್ಟು ಹೆಚ್ಚು ತೋರಿಸಬೇಕು. ಎಡಗಾಲು ದುರ್ಬಲವಾಗಿರುವವರ ಎಡ ತೋಳಿನ ಮೀಟರು ಟ್ರೈನರಿಗಿಂತಲೂ ಕಡಿಮೆ ತೋರಿಸುತ್ತದೆ. ಆಗ ಯಾವುದನ್ನು ನಂಬಬೇಕೆಂಬ ಗೊಂದಲದಲ್ಲಿ ವಾರದ ತರಬೇತಿಗೂ ಭಾನುವಾರದ ಏರಿಗೂ ಎರಡು ಬೇರೆ ಬೇರೆ ಅಳತೆಗೋಲುಗಳು ಉಂಟಾಗುತ್ತವೆ. ಟ್ರೈನರಿನ ಮೇಲೂ ಬೈಕಿನ ಮೀಟರನ್ನೇ ಓದಿಕೊಂಡರೆ ಸಮಸ್ಯೆ ಅರ್ಧ ಕರಗುತ್ತದೆ. ಬಹಳಷ್ಟು ಆ್ಯಪ್‌ಗಳಲ್ಲಿ ಆ ಸೌಲಭ್ಯವಿದೆ.

ಕೃಷ್ಣಾತೀರ (ವಿಜಯಪುರ)

ಟ್ರೈನರಿನ ವಿಷಯ ಒಪ್ಪಿದೆ. ನಮ್ಮ ಹುಡುಗರಿಗೆ ಆ ಯಂತ್ರವಿಲ್ಲ, ಹಾಗಾಗಿ ಆ ಗೊಂದಲವೂ ಇಲ್ಲ.

ಹಗುರಪ್ರಿಯ (ಮೈಸೂರು)

ನಾಲ್ಕು ಸೆಕೆಂಡಿನ ಲೆಕ್ಕ ಕೇಳಿ ನಗು ಬಂತು, ಒಪ್ಪುತ್ತೇನೆ. ಆದರೂ ಎಲ್ಲರೂ ಸೆಕೆಂಡಿಗಾಗಿಯೇ ಬೈಕಿಗೆ ಹಣ ಹಾಕುವುದಿಲ್ಲ. ಚೆನ್ನಾಗಿ ಮಾಡಿದ ಒಂದು ಭಾಗವನ್ನು ಕೈಯಲ್ಲಿ ಹಿಡಿದು ನೋಡುವ ಖುಷಿಗೂ ಬೆಲೆ ಇದೆ. ಅದಿರಲಿ, ಇಷ್ಟೆಲ್ಲ ಹೇಳಿದ ಮೇಲೆ ಪೆಡಲ್ ಮೀಟರಿನ ಬಗ್ಗೆ ಯಾರೂ ಏಕೆ ಬಾಯಿ ಬಿಟ್ಟಿಲ್ಲ? ಅದು ತೂಕಕ್ಕೆ ಶತ್ರುವೆಂದೇ ನಾನು ದೂರ ಇಟ್ಟಿದ್ದೇನೆ.

ಹಳೇಗಾಲಿ (ಬೆಂಗಳೂರು, ಸೈಕಲ್ ರಿಪೇರಿ)

ಶತ್ರುವಾಗಿತ್ತು, ಈಗ ಅಲ್ಲ. ಇಟಲಿಯ ಫವೇರೋ ಕಂಪನಿಯ ಅಸಿಯೋಮಾ ಪೆಡಲುಗಳು 2017ರಲ್ಲಿ ಬಂದಾಗ ಒಂದೊಂದು ಸುಮಾರು 150 ಗ್ರಾಂ ಇದ್ದವು. ಲುಕ್ ಕಿಯೋ ಮಾದರಿಯ ಕ್ಲೀಟನ್ನೇ (ಬೂಟಿನ ಅಡಿಯಿಂದ ಪೆಡಲಿಗೆ ಸಿಕ್ಕಿಸುವ ತುಂಡು) ಬಳಸಬೇಕಾಗಿತ್ತು, ಆಕ್ಸಲ್ಲಿನ ಬುಡದಲ್ಲಿ ಎಲೆಕ್ಟ್ರಾನಿಕ್ ಗುಬಟು ಬೇರೆ ಕಾಣುತ್ತಿತ್ತು. 2024ರಲ್ಲಿ ಬಂದ ಅಸಿಯೋಮಾ ಪ್ರೊ ಆರ್‌ಎಸ್ ಒಂದೊಂದು ಸುಮಾರು 124 ಗ್ರಾಂ. ಶಿಮಾನೊ 105ರ ಆರ್7000 ಪೆಡಲುಗಳ ಜೋಡಿ 265 ಗ್ರಾಂ. ಪ್ರೊ ಆರ್‌ಎಸ್ ಜೋಡಿ ಸುಮಾರು 250 ಗ್ರಾಂ. ಅಂದರೆ ಮೀಟರ್ ಸೇರಿದ ಮೇಲೂ ಬೈಕು ಭಾರವಾಗುವುದಿಲ್ಲ. ಶಿಮಾನೊ ಎಸ್‌ಪಿಡಿ-ಎಸ್‌ಎಲ್ ಕ್ಲೀಟುಗಳೇ ಕೂರುತ್ತವೆ, ಎರಡೂ ಕಾಲುಗಳನ್ನು ಪ್ರತ್ಯೇಕವಾಗಿ ಅಳೆಯುತ್ತವೆ, ನಿಖರತೆ ಶೇ. ±1 ಎಂದು ಕಂಪನಿ ಹೇಳುತ್ತದೆ.

ನನ್ನ ದೃಷ್ಟಿಯಲ್ಲಿ ಪೆಡಲಿನ ದೊಡ್ಡ ಗುಣ ಇದಾವುದೂ ಅಲ್ಲ. ಮೀಟರು ಪೆಡಲಿನಲ್ಲಿದ್ದರೆ ಕ್ರ್ಯಾಂಕನ್ನು ಕ್ರ್ಯಾಂಕಾಗಿಯೇ ಆರಿಸಬಹುದು. ನಾಳೆ ಉದ್ದ ಬದಲಿಸಿ, ಹಲ್ಲು ಬದಲಿಸಿ, ಹನ್ನೆರಡು ಗೇರಿಗೆ ಹೋಗಿ, ಬೇರೆ ಬಾಟಮ್ ಬ್ರಾಕೆಟ್ಟಿನ ಫ್ರೇಮು ಕೊಳ್ಳಿ, ಮೀಟರಿಗೆ ಅದರ ಹಂಗಿಲ್ಲ. ಎಡ ತೋಳಿನ ಮೀಟರುಗಳಲ್ಲಿ ಚೈನ್‌ಸ್ಟೇಗೆ (ಹಿಂಗಾಲಿಯತ್ತ ಹೋಗುವ ಫ್ರೇಮಿನ ಕೊಳವೆ) ತೋಳು ಉಜ್ಜುತ್ತದೆಯೋ ಎಂದು ಅಳೆದು ನೋಡುವ ತಲೆನೋವೂ ಇಲ್ಲ. ಅನನುಕೂಲವೂ ಇದೆ: ಬಿದ್ದಾಗ ಮೊದಲು ನೆಲಕ್ಕೆ ತಾಗುವುದು ಪೆಡಲೇ, ಮತ್ತು ಪೆಡಲಿನ ಬೇರಿಂಗುಗಳಿಗೆ ಆಗಾಗ ಆರೈಕೆ ಬೇಕು. ನಮ್ಮಲ್ಲಿ ವಿದೇಶದಿಂದ ತರಿಸಿದ ಮೀಟರು ಕೆಟ್ಟರೆ ವಾರಂಟಿಗಾಗಿ ಕಳುಹಿಸಿ, ಬದಲಿಗೆ ಬಂದದ್ದರ ಮೇಲೆ ಕಸ್ಟಮ್ಸ್ ಸುಂಕದ ಪ್ರಶ್ನೆ ಎದುರಾಗಿ, ತಿಂಗಳುಗಟ್ಟಲೆ ಕಾಯಬೇಕಾದೀತು. ಆದ್ದರಿಂದ ಭಾರತದ ಅಧಿಕೃತ ಮಾರಾಟಗಾರರಿಂದಲೇ, ಬಿಲ್ ಸಮೇತ ಕೊಳ್ಳಿ. ಸ್ವಲ್ಪ ಹೆಚ್ಚು ಬೆಲೆ ಕೊಟ್ಟರೂ ಚಿಂತೆಯಿಲ್ಲ.

ಹಲ್ಲಿನ ವಿಷಯ ಯಾರೂ ಎತ್ತದ್ದರಿಂದ ನಾನೇ ಕೇಳುತ್ತೇನೆ. ನಂದಿಯ ಮೇಲಿನ ತಿರುವುಗಳಲ್ಲಿ 36-28ರಲ್ಲಿ ನಿಮ್ಮ ಕ್ಯಾಡೆನ್ಸ್ (ನಿಮಿಷಕ್ಕೆ ಪೆಡಲ್ ಸುತ್ತು) ಎಷ್ಟಿರುತ್ತದೆ?

ಏರುಹಾದಿ (ಬೆಂಗಳೂರು)

ಕೊನೆಯ ಎರಡು ಕಿಲೋಮೀಟರಿನಲ್ಲಿ ಅರವತ್ತರ ಆಸುಪಾಸು. ಮಂಡಿಯ ಮುಂಭಾಗದಲ್ಲಿ ನೋವೂ ಕಾಣಿಸಿಕೊಳ್ಳುತ್ತದೆ. ಕ್ರ್ಯಾಂಕ್ ಉದ್ದವನ್ನು 170ಕ್ಕೆ ಇಳಿಸಬೇಕೆ ಎಂಬ ಪ್ರಶ್ನೆಯೂ ನನ್ನಲ್ಲಿದೆ. ನನ್ನ ಎತ್ತರ 168 ಸೆಂ.ಮೀ. ವೃತ್ತಿಪರ ರೇಸ್ ಸವಾರ ತಾದೇಯ್ ಪೊಗಾಚಾರ್ 2024ರಲ್ಲಿ 165 ಮಿ.ಮೀ. ಕ್ರ್ಯಾಂಕ್ ಬಳಸಿದರೆಂದು ಓದಿದೆ.

ಹಳೇಗಾಲಿ (ಬೆಂಗಳೂರು, ಸೈಕಲ್ ರಿಪೇರಿ)

ಹಾಗಾದರೆ ನಿಮಗೆ ಬೇಕಿರುವುದು ಹಗುರ ಕ್ರ್ಯಾಂಕಲ್ಲ, ಹಗುರ ಗೇರು. 36-28ರ ಅನುಪಾತ 1.29. ಗಂಟೆಗೆ 10 ಕಿ.ಮೀ. ವೇಗದಲ್ಲಿ ಅದು ನಿಮಿಷಕ್ಕೆ 62 ಸುತ್ತು ಕೇಳುತ್ತದೆ. 34-30 ಆದರೆ ಅನುಪಾತ 1.13, ಅದೇ ವೇಗದಲ್ಲಿ 70 ಸುತ್ತು. ಅದೇ ವ್ಯಾಟ್, ಆದರೆ ಪ್ರತಿ ಸುತ್ತಿಗೆ ಮಂಡಿಯ ಮೇಲಿನ ಒತ್ತಡ ಶೇ. 12ರಷ್ಟು ಕಡಿಮೆ. ಇನ್ನೂರು ಗ್ರಾಂ ಇಳಿಸಿದರೆ ಮಂಡಿಗೆ ಸಿಗುವ ನೆಮ್ಮದಿ ಶೇ. 0.25 ಮಾತ್ರ.

ಸಂತೋಷದ ಸಂಗತಿಯೆಂದರೆ ಆರ್7000ರಲ್ಲಿ 52/36, 50/34 ಎರಡೂ ಒಂದೇ 110 ಮಿ.ಮೀ. ಬೋಲ್ಟ್ ವೃತ್ತದ ನಾಲ್ಕು ಕಾಲಿನ ಮೇಲೆ ಕೂರುತ್ತವೆ. ಕ್ರ್ಯಾಂಕ್ ಬದಲಿಸದೆ ಎರಡು ಚೈನ್‌ರಿಂಗ್ ಮಾತ್ರ ಬದಲಿಸಿದರೆ ಸಾಕು. ಎರಡನ್ನೂ ಜೋಡಿಯಾಗಿಯೇ ಬದಲಿಸಿ. 52ರ ಜೊತೆ 34 ಹಾಕಿ ಹದಿನೆಂಟು ಹಲ್ಲಿನ ಅಂತರ ಮಾಡಿಕೊಂಡರೆ ಮುಂದಿನ ಡಿರೈಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಸರಿಯಾಗಿ ದಾಟಿಸುವುದಿಲ್ಲ. ದೊಡ್ಡ ರಿಂಗ್ ಚಿಕ್ಕದಾದ ಮೇಲೆ ಆ ಡಿರೈಲರನ್ನು ಸ್ವಲ್ಪ ಕೆಳಗಿಳಿಸಬೇಕು, ಚೈನಿನ ಉದ್ದ ನೋಡಬೇಕು. ಹಿಂದಿನ ಡಿರೈಲರ್ ಗಿಡ್ಡ ಪಂಜರದ್ದಾದರೆ 30 ಹಲ್ಲಿನವರೆಗೆ, ಉದ್ದ ಪಂಜರದ್ದಾದರೆ 34ರವರೆಗೆ ಹೋಗಬಹುದು.

ಉದ್ದವನ್ನು ಈಗಲೇ ಬದಲಿಸಬೇಡಿ. ಗೇರು ಮತ್ತು ಉದ್ದ ಎರಡನ್ನೂ ಒಟ್ಟಿಗೆ ಬದಲಿಸಿದರೆ ಮಂಡಿ ನೋವು ಯಾವುದರಿಂದ ಹೋಯಿತೆಂದು ತಿಳಿಯುವುದಿಲ್ಲ. ಮುಂದೆ 170 ಹಾಕಿದರೆ ಸೀಟನ್ನು ಎರಡೂವರೆ ಮಿಲಿಮೀಟರ್ ಮೇಲೆತ್ತಿ. ನೋವು ಉಳಿದರೆ ಫಿಟ್ಟಿಂಗ್ ಮಾಡುವವರನ್ನೋ ವೈದ್ಯರನ್ನೋ ಕಾಣಿ. ಬಿಡಿಭಾಗಗಳಿಂದ ಎಲ್ಲವೂ ಸರಿಹೋಗುವುದಿಲ್ಲ.

ಮಳೆಸವಾರ (ಮಂಗಳೂರು)

ಮಳೆಗಾಲದಲ್ಲಿಯೂ ಓಡಿಸುವವನಾಗಿ ಒಂದು ಪ್ರಶ್ನೆ: ನಾಣ್ಯದಂಥ ಬ್ಯಾಟರಿಯ ಮೀಟರುಗಳಿಗಿಂತ ಚಾರ್ಜ್ ಮಾಡುವಂಥವು ಮಳೆಗೆ ಒಳ್ಳೆಯವೇ? ನನ್ನ ಎಡ ತೋಳಿನ ಮೀಟರು ಮಳೆಯಲ್ಲಿ ಸಂಪರ್ಕ ಕಡಿದುಕೊಳ್ಳುತ್ತದೆ.

ಹಳೇಗಾಲಿ (ಬೆಂಗಳೂರು, ಸೈಕಲ್ ರಿಪೇರಿ)

ಸಿಆರ್2032 ಹಾಕುವ ಮೀಟರುಗಳಲ್ಲಿ ಮುಚ್ಚಳದ ಒಳಗಿನ ರಬ್ಬರ್ ಉಂಗುರವೇ ನೀರಿಗೆ ಬಾಗಿಲು. ಅದು ಸುರುಟಿಕೊಂಡಿದ್ದರೆ ಬದಲಿಸಿ, ತೆಳುವಾಗಿ ಸಿಲಿಕೋನ್ ಗ್ರೀಸ್ ಹಚ್ಚಿ. ಬ್ಯಾಟರಿ ಯಾವುದೆಂದೂ ನೋಡಿ: ಮಕ್ಕಳು ನುಂಗದಿರಲೆಂದು ಕಹಿ ಲೇಪನ ಹಚ್ಚಿದ ಬ್ಯಾಟರಿಗಳು ಕೆಲವು ಉಪಕರಣಗಳಲ್ಲಿ ಸರಿಯಾಗಿ ಸಂಪರ್ಕ ಕೊಡುವುದಿಲ್ಲ. ಚಾರ್ಜ್ ಮಾಡುವಂಥವುಗಳಲ್ಲಿ ಮುಚ್ಚಳವೇ ಇರುವುದಿಲ್ಲವಾದ್ದರಿಂದ ಈ ತೊಂದರೆ ಕಡಿಮೆ, ಆದರೆ ವರ್ಷಗಳಾದ ಮೇಲೆ ಬ್ಯಾಟರಿ ಸೋತರೆ ಬದಲಿಸುವುದು ಅಷ್ಟು ಸುಲಭವಲ್ಲ.

ಏರುಹಾದಿ (ಬೆಂಗಳೂರು)

ಎಲ್ಲರ ಮಾತುಗಳನ್ನು ಓದಿ, ಮನೆಯಲ್ಲಿಯೂ ಲೆಕ್ಕ ಒಪ್ಪಿಸಿ, ತೀರ್ಮಾನಕ್ಕೆ ಬಂದಿದ್ದೇನೆ. ಬಳಸಿದ ಡ್ಯೂರಾ-ಏಸ್ ಬೇಡವೆಂದು ಹೇಳಿದೆ. ಸಂಕೇತದ ವಿಷಯವನ್ನು ಮಾರುವವರಿಗೂ ತಿಳಿಸಿದ್ದೇನೆ, ಅವರು ತಪಾಸಣೆಗೆ ಒಯ್ಯುತ್ತಾರಂತೆ. ಕ್ರ್ಯಾಂಕ್ ತೋಳುಗಳು ಈಗಿನವೇ ಇರಲಿ, 50/34 ಚೈನ್‌ರಿಂಗುಗಳು ಮತ್ತು 11-30 ಕ್ಯಾಸೆಟ್ ಹಾಕಿಸುತ್ತೇನೆ. ಉಳಿದ ಹಣಕ್ಕೆ ಎರಡೂ ಬದಿ ಅಳೆಯುವ ಪೆಡಲ್ ಮೀಟರು. ಹಗುರಪ್ರಿಯರು ಬೇಸರಿಸಬಾರದು. ಹೊಸ ಮೀಟರು ಸರಿಯಾಗಿ ಅಳೆಯುತ್ತಿದೆಯೆಂದು ಮನೆಯಲ್ಲೇ ಪರೀಕ್ಷಿಸುವ ಬಗೆ ಇದೆಯೇ?

ಹಗುರಪ್ರಿಯ (ಮೈಸೂರು)

ಬೇಸರವೇನಿಲ್ಲ ಸರ್. ಪೆಡಲು ಹದಿನೈದು ಗ್ರಾಂ ಹಗುರವಾಯಿತಲ್ಲ, ಅಷ್ಟಕ್ಕೆ ಸಮಾಧಾನ.

ರೈನ್‌ದಂಡೆ (ಕಲೋನ್, ಜರ್ಮನಿ)

ಇದೆ. ಮೊದಲು, ಆ್ಯಪ್‌ನಲ್ಲಿ ಕ್ರ್ಯಾಂಕ್ ಉದ್ದ 172.5 ಎಂದೇ ನಮೂದಿಸಿ. ಪೆಡಲ್ ಮೀಟರು ಬಲವನ್ನು ಅಳೆದು ಉದ್ದದಿಂದ ಗುಣಿಸುತ್ತದೆ. 170 ಎಂದು ಬಿಟ್ಟರೆ ಪ್ರತಿ ಅಂಕಿಯೂ ಸುಮಾರು ಶೇ. ಒಂದೂವರೆಯಷ್ಟು ಕಡಿಮೆ ಬರುತ್ತದೆ, ಕಂಪನಿ ಹೇಳಿದ ±1ರ ನಿಖರತೆಗೆ ಅರ್ಥವೇ ಉಳಿಯುವುದಿಲ್ಲ.

ಎರಡನೆಯದಾಗಿ, ಜಿಮ್ಮಿನಲ್ಲಿ ಬಳಸುವ, ನಿಖರವಾಗಿ ತೂಗಿ ನೋಡಿದ 20 ಕೆ.ಜಿ. ತೂಕ ತನ್ನಿ. ಜೀರೋ ಆಫ್‌ಸೆಟ್ ಮಾಡಿ (ಭಾರವಿಲ್ಲದಾಗ ಮೀಟರನ್ನು ಶೂನ್ಯಕ್ಕೆ ತಂದು), ತೋಳನ್ನು ನೆಲಕ್ಕೆ ಸಮಾನಾಂತರವಾಗಿ ಮುಂದಕ್ಕೆ ಹಿಡಿದು, ಹಿಂದಿನ ಬ್ರೇಕ್ ಅದುಮಿ, ತೂಕವನ್ನು ಪೆಡಲಿನ ಮಧ್ಯಕ್ಕೆ ನೇತುಹಾಕಿ. ಆಗ ಟಾರ್ಕ್ 20 × 9.81 × 0.1725, ಅಂದರೆ 33.8 ನ್ಯೂಟನ್ ಮೀಟರ್ ಬರಬೇಕು. ಫವೇರೋದಂಥ ಕೆಲವು ತಯಾರಕರ ಆ್ಯಪ್‌ನಲ್ಲಿ ಇದಕ್ಕೆಂದೇ ಸ್ಥಿರ ತೂಕದ ಪರೀಕ್ಷೆ ಇದೆ. ಎರಡೂ ಬದಿಗೆ ಮಾಡಿ. ಒಂದು ಬದಿ ಸರಿಯಿದ್ದು ಇನ್ನೊಂದು ಶೇ. ಎರಡಕ್ಕಿಂತ ಹೆಚ್ಚು ತಪ್ಪಿದರೆ ಪೆಡಲನ್ನು ಬಿಚ್ಚಿ, ಎಳೆಗಳನ್ನು ಒರೆಸಿ, ಹೊಸ ಗ್ರೀಸ್ ಹಚ್ಚಿ ಮತ್ತೆ ಬಿಗಿಗೊಳಿಸಿ ನೋಡಿ.

ಮೂರನೆಯದು ತಾಪಮಾನ. ಲೋಹ ಬಿಸಿಯಾದರೆ ಗೇಜಿನ ಶೂನ್ಯಬಿಂದು ಜರುಗುತ್ತದೆ. ಮೀಟರಿನೊಳಗೆ ಅದಕ್ಕೆ ತಿದ್ದುಪಡಿ ಇರುತ್ತದಾದರೂ, ಬೆಳಗಿನ ಚಳಿಯಲ್ಲಿ ಮನೆಯೊಳಗಿಂದ ತಂದ ಬೈಕನ್ನು ಹತ್ತು ಹದಿನೈದು ನಿಮಿಷ ಹೊರಗೆ ನಿಲ್ಲಿಸಿ ಆಮೇಲೆ ಜೀರೋ ಮಾಡಿ. ಆಗ ಪೆಡಲಿನ ಮೇಲೆ ಕಾಲಿರಬಾರದು.

ಹಳೇಗಾಲಿ (ಬೆಂಗಳೂರು, ಸೈಕಲ್ ರಿಪೇರಿ)

ಬಿಗಿಯ ಬಗ್ಗೆ ಒಂದು ಮಾತು. ಪೆಡಲನ್ನು ಕೈಅಂದಾಜಿನಲ್ಲಿ ಬಿಗಿಯದೆ, ಕಂಪನಿಯ ಪುಸ್ತಿಕೆಯಲ್ಲಿರುವ ಅಳತೆಗೆ ಟಾರ್ಕ್ ರೆಂಚ್ ಬಳಸಿ. ಎಡ ಪೆಡಲಿನ ಎಳೆ ಉಲ್ಟಾ ಎಂಬುದು ನೆನಪಿರಲಿ. ಹೊಸ ಪೆಡಲು ಮೊದಲ ಕೆಲವು ಸವಾರಿಗಳಲ್ಲಿ ಎಳೆಯೊಳಗೆ ಇನ್ನಷ್ಟು ಕೂರುತ್ತದೆ, ಆಗ ಅಂಕಿಗಳು ತುಸು ಜರುಗುತ್ತವೆ. ಆದ್ದರಿಂದ ಆರಂಭದಲ್ಲಿ ಕೆಲವು ಬಾರಿ ಜೋರಾಗಿ ಒತ್ತಿ ಓಡಿಸಿ, ಮತ್ತೆ ಬಿಗಿ ನೋಡಿ, ಮತ್ತೆ ಜೀರೋ ಮಾಡಿ. ಚೈನ್‌ರಿಂಗ್ ಹಾಕಲು ಕ್ರ್ಯಾಂಕ್ ಬಿಚ್ಚಿದರೆ, ಎಡ ತೋಳಿನ ಎರಡು ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ 12ರಿಂದ 14 ನ್ಯೂಟನ್ ಮೀಟರಿಗೆ ತನ್ನಿ. ಅದಕ್ಕೂ ಮೊದಲು ಬದಿಯ ಪ್ಲಾಸ್ಟಿಕ್ ಮುಚ್ಚಳವನ್ನು ಬೆರಳಬಿಗಿಗಿಂತ ತುಸು ಹೆಚ್ಚು ತಿರುಗಿಸಿದರೆ ಸಾಕು; ಅದರ ಮಿತಿ ಒಂದೂವರೆ ನ್ಯೂಟನ್ ಮೀಟರ್.

ಕೃಷ್ಣಾತೀರ (ವಿಜಯಪುರ)

ಮೀಟರು ಕೂತ ಮೇಲೆ ಮೊದಲ ಎರಡು ವಾರ ಯಾವ ಗುರಿಯನ್ನೂ ಇಟ್ಟುಕೊಳ್ಳದೆ, ಎಂದಿನಂತೆ ಓಡಿಸಿ ಅಂಕಿಗಳನ್ನು ಸಂಗ್ರಹಿಸಿ. ಆಮೇಲೆ ಇಪ್ಪತ್ತು ನಿಮಿಷದ ಪರೀಕ್ಷೆ ಮಾಡಿ, ಅದರ ಸರಾಸರಿಯ ಶೇ. 95ನ್ನು ಎಫ್‌ಟಿಪಿ (ಸುಮಾರು ಒಂದು ಗಂಟೆ ಕಾಯ್ದುಕೊಳ್ಳಬಲ್ಲ ಶಕ್ತಿ) ಎಂದು ಹಿಡಿಯಿರಿ. ಪರೀಕ್ಷೆಯನ್ನು ರಸ್ತೆಯಲ್ಲೇ ಮಾಡಿ. ಟ್ರೈನರಿನ ಮೇಲೆ ಬಂದ ಹಳೆಯ ಅಂಕಿಯನ್ನು ಹೊಸ ಮೀಟರಿಗೆ ಅಂಟಿಸಬೇಡಿ. ನಂದಿಗೆ ಹೋದ ಮೊದಲ ಭಾನುವಾರ ಏರಿನ ಬುಡದಲ್ಲಿ ಆ ಹೊಸ ಅಂಕಿಗಿಂತ ಹತ್ತು ವ್ಯಾಟ್ ಕೆಳಗೇ ಇದ್ದು, ಅರ್ಧ ದಾರಿ ದಾಟಿದ ಮೇಲೆ ಏರಿಸಿ ನೋಡಿ, ಸಮಯ ಎಷ್ಟು ಬಂತೆಂದು ಇಲ್ಲಿ ಬರೆಯಿರಿ.